ಏಕಾದಶಿಯ ಮಾತ್ರೆ

ವರದಿಯ ಮೂರನೆಯ ಪುಟಕ್ಕೆ ಬಂದಾಗ ನಂದಿತಾಳಿಗೆ ಸಿಟ್ಟು ನೆತ್ತಿಗೇರಿತು. ‘ಅಜ್ಜಿ ಏಕಾದಶಿಯ ದಿನ ಬಿ.ಪಿ. ಮಾತ್ರೆಯನ್ನೂ ಬಿಡುತ್ತಾರೆ. ಉಪವಾಸವೆಂದರೆ ಉಪವಾಸ.’ ಬರೆದವನು ಸಹಪಾಠಿ ಅಭಿನವ್. ಆದರೆ ಇದೇ ಮಾತನ್ನು ಅವನಿಗಿಂತ ಒಂದು ವಾರ ಮೊದಲೇ ತನ್ನ ವರದಿಯಲ್ಲಿ ಬರೆದವಳು ನಂದಿತಾ!

ಮುಂದೆ ಓದಿದಳು. ಮಾತ್ರೆ ಉಷ್ಣವೆಂದು ಅರ್ಧ ಮುರಿದು ನುಂಗುವುದು, ಡಾಕ್ಟರು ಏನು ಕೇಳಿದರೂ ‘ಚೆನ್ನಾಗಿದೀನಿ’ ಅನ್ನುವುದು. ಪುಣ್ಯಾತ್ಮ ಒಂದನ್ನೂ ಬಿಟ್ಟಿರಲಿಲ್ಲ.

ಸಿಯಾಟಲ್‌ನ ಆ ಮೆಡಿಕಲ್ ಕಾಲೇಜಿನಲ್ಲಿ ಮೊದಲ ವರ್ಷದವರು ಇಂಗ್ಲಿಷ್ ಬಾರದ ಹಿರಿಯರೊಬ್ಬರ ಮನೆಗೆ ಹೋಗಿ, ಅವರ ಆರೋಗ್ಯದ ಕಥೆ ಕೇಳಿ ಬರೆಯಬೇಕು. ಅವರ ಹೆಸರು, ಊರು ಎಲ್ಲೂ ಬಾಯಿಬಿಡುವಂತಿಲ್ಲ. ಕಳಿಸಿದ ವರದಿಗಳನ್ನು ತರಗತಿಯವರೆಲ್ಲ ಓದಬಹುದು. ತರಗತಿಯಲ್ಲಿ ಕನ್ನಡ ಬಲ್ಲವರು ಇಬ್ಬರೇ, ಇವಳು ಮತ್ತು ಅವನು. ಅನಾಟಮಿ ಪರೀಕ್ಷೆಯ ಹಿಂದಿನ ಭಾನುವಾರ ಉಳಿದವರೆಲ್ಲ ಒದ್ದಾಡುತ್ತಿದ್ದರೆ, ನಂದಿತಾ ಓದನ್ನೂ ಮುಗಿಸಿ ವರದಿಯನ್ನೂ ಕಳಿಸಿದ್ದಳು. ಅದನ್ನು ಓದಿದ ತಾಯಿ ಶಾಮಲಾ ಪಕ್ಕದೂರು ಬೆಲ್ವ್ಯೂನಿಂದ ಫೋನ್ ಮಾಡಿದ್ದರು.

“ಅಯ್ಯೋ, ಥೇಟ್ ನಮ್ಮಮ್ಮನೇ ಕಣೇ! ಚಿತ್ರದುರ್ಗದಲ್ಲಿ ಅವರೂ ಹಿಂಗೇ ಮಾಡ್ತಿದ್ರು.”

“ಎಲ್ಲಾ ಅಜ್ಜೀರೂ ಒಂದೇ ಅಲ್ವಾ ಅಮ್ಮಾ,” ಎಂದಿದ್ದಳು ನಂದಿತಾ.

ಕಾಲೇಜಿನ ಆನರ್ ಕೋಡ್ ಪ್ರಕಾರ ಮೋಸ ಕಂಡೂ ಸುಮ್ಮನಿರುವುದು ಮೋಸವೇ. ದೂರು ಕೊಡುವ ಮೊದಲು ಎದುರಿಗೇ ಕೇಳಬೇಕೆಂಬ ನಿಯಮವೂ ಇದೆ. ಕೇಳಿದಳು.

“ನಾನೇ ಹೋಗಿದ್ದೆ ನಂದಿತಾ. ಎರಡು ಗಂಟೆ ಕೂತು ಮಾತಾಡಿಸ್ದೆ,” ಎಂದ ಅಭಿನವ್. ಕುಂಬಳಕಾಯಿ ಕಳ್ಳ ಎಂದರೆ ಹೆಗಲಾದರೂ ಮುಟ್ಟಿ ನೋಡಿಕೊಳ್ಳಬೇಕು. ಇವನ ಹುಬ್ಬೂ ಅಲುಗಲಿಲ್ಲ.

“ಸಾಧ್ಯಾನೇ ಇಲ್ಲ. ಆ ಅಜ್ಜೀನ ನೀನು ನೋಡೇ ಇಲ್ಲ. ಬೇಕಾದ್ರೆ ದೇವರಾಣೆ ಮಾಡ್ತೀನಿ.”

ಆ ಮಾತಿನಲ್ಲಿ ಸುಳ್ಳಿನ ಎಳೆಯೂ ಇರಲಿಲ್ಲ. ಅಂದೇ ದೂರು ಹೋಯಿತು. ತಪ್ಪು ಸಾಬೀತಾದರೆ ಅಭಿನವ್ ಕಾಲೇಜು ಬಿಡಬೇಕು. ಪಾಪ ಅನ್ನಿಸಿತು. ಆದರೆ ಸತ್ಯದ ಪರ ಯಾರಾದರೂ ನಿಲ್ಲಬೇಕಲ್ಲ ಎಂದು ನಂದಿತಾ ತನ್ನ ಬೆನ್ನು ತಾನೇ ತಟ್ಟಿಕೊಂಡಳು.

ವಿಚಾರಣೆಯ ದಿನ ಅಭಿನವ್ ತಲೆ ತಗ್ಗಿಸಿ ಕೂತಿದ್ದ. ಸಮಿತಿಯ ಅಧ್ಯಕ್ಷೆ ಎರಡೂ ವರದಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು ನಕ್ಕರು.

ತಪ್ಪು ಕಾಲೇಜಿನದೇ ಎಂದರು. ಕನ್ನಡದ ಹಿರಿಯರು ಸಿಕ್ಕಿದ್ದು ಒಬ್ಬರೇ, ಹಾಗಾಗಿ ಇಬ್ಬರಿಗೂ ಒಂದೇ ಮನೆಯ ವಿಳಾಸ ಕೊಟ್ಟು, ಬೇರೆ ಬೇರೆ ಭಾನುವಾರ ಹೋಗಲು ಹೇಳಿದ್ದರಂತೆ. ಒಬ್ಬರನ್ನೇ ನೋಡಿ ಬಂದವರ ವರದಿಗಳು ಹೊಂದದೆ ಇನ್ನೇನು? ಆದರೂ ದೂರು ದೂರೇ, ಆ ಅಜ್ಜಿಯಿಂದ ಒಂದು ಮಾತು ಕೇಳಿ ಮುಗಿಸೋಣ ಎಂದರು.

ನಂದಿತಾ ಬಾಗಿಲ ಕಡೆ ತಿರುಗಿ ನೋಡಿದಳು.

ಊರಾಚೆಯ ಸಮಾಮಿಶ್‌ನಿಂದ ಮಗನ ಕಾರಿನಲ್ಲಿ ಬಂದಿದ್ದ ಆ ಅಜ್ಜಿ, ಸುಮಿತ್ರಮ್ಮ, ಕೋಲೂರಿಕೊಂಡು ಒಳಗೆ ಬಂದರು. ಮೇಜಿನ ಮೇಲಿನ ಸ್ಪೀಕರ್ ಫೋನಿನಲ್ಲಿ ದುಭಾಷಿ ಕಾದಿದ್ದ. ಅಜ್ಜಿ ಅಭಿನವ್‌ನ ಕೆನ್ನೆ ಸವರಿ, “ಹುಷಾರಾಗಿದೀಯೇನಪ್ಪ?” ಎಂದರು. ಆಮೇಲೆ ನಂದಿತಾಳ ಕಡೆ ತಿರುಗಿ ಕನ್ನಡಕ ಸರಿಮಾಡಿಕೊಂಡರು.

“ಓ, ನೀನೇ ಏನಮ್ಮ ಆ ಹುಡುಗಿ? ಕೋಡುಬಳೆ ಕರಿದಿಟ್ಕೊಂಡು ಆ ಭಾನುವಾರ ಸಂಜೆವರೆಗೂ ಕಾದೆ. ಯಾಕಮ್ಮ ಬರ್ಲೇ ಇಲ್ಲ?”