ಮೂರನೆಯ ಜೀನು

ಪ್ರವೀಣ ಕುದುರೆಯ ಬೆನ್ನಿಂದ ಮೂರನೆಯ ಜೀನನ್ನೂ ಎಳೆದು ಜಗಲಿಯ ಮೇಲೆ ಎಸೆದ. ಅದು ಉರುಳಿಕೊಂಡು ಹೋಗಿ ಅಪ್ಪ ರಮಾನಂದರ ಕಾಲ ಬುಡದಲ್ಲಿ ಬಿತ್ತು.

"ಮತ್ತೆ ನಿಂತ್ತಾ?" ರಮಾನಂದರು ಪೇಪರಿನಿಂದ ಕಣ್ಣೆತ್ತಲಿಲ್ಲ.

"ಅಲ್ಲೇ. ಹಳದೀಪುರ ದಾಟೂಕೆ ಬಿಡೂದಿಲ್ಲ. ಗೂಟ ಹೊಡ್ದಂಗೆ ನಿಂತ್ಬಿಡ್ತದೆ."

"ಜೀನು ಚುಚ್ಚಿರ್ಬೇಕು. ಬೇರೆ ತಕಂಬಾ. ದುಡ್ಡು ನಾ ಕೊಡ್ತೆ."

ಬೆಂಕಿಕಡ್ಡಿ ಒಂದು ಹೆಚ್ಚಿಗೆ ಗೀರಿದರೆ ರಂಪ ಮಾಡುವ ಮನುಷ್ಯ. ಹೊನ್ನಾವರ ಪೇಟೆಯಲ್ಲಿ ಕೊಬ್ಬರಿ ವ್ಯಾಪಾರ ಮಾಡಿ ಕೈ ಬಿಗಿಯಾದವರು. ಅವರ ಈ ಧಾರಾಳತನ ಪ್ರವೀಣನಿಗೆ ಅರ್ಥವಾಗಲಿಲ್ಲ. ಅರ್ಥಮಾಡಿಕೊಳ್ಳುವಷ್ಟು ತಾಳ್ಮೆ ಅವನಲ್ಲಿ ಆಗ ಇರಲೂ ಇಲ್ಲ.

ಕುದುರೆ ಮನೆಗೆ ಬಂದ ದಿನ ಇದೇ ಅಪ್ಪ ಸಿಟ್ಟಿನಿಂದ ಕುಣಿದಾಡಿದ್ದರು. ಟಾಂಗಾ ಹೊಡೆಯುತ್ತಿದ್ದ ಈರ ರಿಕ್ಷಾ ಕೊಂಡ, ಅವನ ಕುದುರೆ ಕೆಂಪಿ ಬೇಡವಾಯಿತು, ಪ್ರವೀಣ ಅದನ್ನು ತಂದ. "ಲೋಕದಲ್ಲಿ ಬೇರೆ ಕುದುರೆ ಸಿಕ್ಲಿಲ್ವಾ ನಿಂಗೆ?" ಎಂದು ಅಪ್ಪ ಕೂಗಾಡಿದ್ದು ಪಕ್ಕದ ಬೀದಿಗೂ ಕೇಳಿಸಿತ್ತು.

ಭಾನುವಾರ ದೂರಸವಾರಿಯ ಪಂದ್ಯ. ಗೋವಾದ ಸವಾರರ ಕ್ಲಬ್ಬೊಂದು ನಡೆಸುವುದು. ಹೊನ್ನಾವರದಿಂದ ಕುಮಟೆಗೆ ಹೋಗಿ ಮರಳಬೇಕು. ಮೊದಲು ಬಂದವನಿಗಿಂತ, ಬೆನ್ನು ಸುಲಿಯದ, ಉಸಿರು ಕೆಡದ ಕುದುರೆಯನ್ನು ಮರಳಿ ತಂದವನಿಗೇ ಅಲ್ಲಿ ಮರ್ಯಾದೆ. ಬ್ಯಾಂಕಿನ ಗುಮಾಸ್ತ ಪ್ರವೀಣ ಹೆಸರು ಕೊಟ್ಟದ್ದಲ್ಲದೆ ಬ್ಯಾಂಕಿನಲ್ಲೆಲ್ಲ ಹೇಳಿಕೊಂಡು ತಿರುಗಿದ್ದ. ಈಗ ಮ್ಯಾನೇಜರು ದಿನಾ ಕೇಳುತ್ತಿದ್ದರು, "ನಿಮ್ಮ ಕುದುರೆ ಇವತ್ತು ಎಲ್ಲಿವರೆಗೆ ಹೋಯ್ತು?" ಹಿಂದೆ ಸರಿದರೆ ಅವನು ಬ್ಯಾಂಕಿನಲ್ಲಿ ತಲೆ ಎತ್ತಿ ಕೂರುವ ಹಾಗಿರಲಿಲ್ಲ.

ಮೊದಲನೆಯ ಜೀನು ಓಟದ ಕುದುರೆಯದು. ತೆಳ್ಳಗೆ, ನೋಡಲು ಚೆಂದ. ಕೆಂಪಿಯ ಅಗಲ ಬೆನ್ನಿನ ಮೇಲೆ ಜಾರುತ್ತಿತ್ತು. ಎರಡನೆಯದು ಹಳೆಯದು, ಅಗಲವಿತ್ತು, ಆದರೆ ಹೊರಲಾರದ ಭಾರ. ಮೂರನೆಯದನ್ನು ಬೆಳಗಾವಿಯ ಜೀನುಗಾರ ಕುದುರೆಯ ಬೆನ್ನಿನ ಅಳತೆಗೇ ಹೊಲಿದಿದ್ದ. ಬೆನ್ನೆಲುಬಿಗೆ ತಾಗದಂತೆ ನಡುವೆ ಗಾಳಿಯಾಡುವ ಸಂದು, ಅಡಿಯಲ್ಲಿ ಬೆವರು ಹೀರುವ ಉಣ್ಣೆಯ ಕಂಬಳಿ. ಹೊಟ್ಟೆಪಟ್ಟಿ ಬದಲಾಯಿತು. ಕಾಲಿಡುವ ರಿಕಾಪು ಅಗಲವಾಯಿತು. ಕೆಂಪಿಯ ಬೆನ್ನಲ್ಲಿ ಒಂದು ಕೂದಲೂ ಸವೆದಿರಲಿಲ್ಲ.

ಆದರೂ ಹಳದೀಪುರದಲ್ಲಿ, ಹೆದ್ದಾರಿಯಿಂದ ತೆಂಗಿನ ತೋಟಗಳ ಕಡೆಗೆ ಓಣಿ ಒಡೆಯುವಲ್ಲಿ, ಅದು ನಿಲ್ಲುತ್ತಿತ್ತು. ಕುತ್ತಿಗೆ ಎಡಕ್ಕೆ ತಿರುಗಿಸುತ್ತಿತ್ತು. ಇವನು ಬಲಕ್ಕೆ ಜಗ್ಗುತ್ತಿದ್ದ. ಬಸ್ಸಿನವರು ಕಿಟಕಿಯಿಂದ ತಲೆ ಹಾಕಿ ನಗುತ್ತಿದ್ದರು.

ಬಾಯಿಗೆ ಚುಚ್ಚುವ ಕಡಿವಾಣ ತಂದುಕೊಟ್ಟವರೂ ಅಪ್ಪನೇ. "ಬಿಗಿ ಹಿಡ್ದು ಎಳಿ. ಅದ್ಕೆ ಬೇಕಾದಲ್ಲಿ ಹೋಗೂಕೆ ಬಿಡ್ಬೇಡ. ಅಲ್ಲದಿದ್ರೆ ಆ ರಸ್ತೆನೇ ಬೇಡ, ಸಮುದ್ರದ ದಂಡೆ ಮೇಲೆ ಓಡ್ಸು."

ಮನೆಯಲ್ಲಿ ಕೆಂಪಿಯ ಮೇಲೆ ಸಿಟ್ಟಿಲ್ಲದವಳು ಅಮ್ಮ ಗಣಪಿ ಒಬ್ಬಳೇ. ಗುರುವಾರ ಬಂತೆಂದರೆ ಈರನ ಟಾಂಗಾ ಹತ್ತಿ ತೋಟಗಳ ಕಡೆ ಕೊಬ್ಬರಿ ನೋಡಲು ಹೋಗಿ, ಹೊಟ್ಟೆ ತುಂಬಿದೆ ಎನ್ನುತ್ತ ಮರಳುತ್ತಿದ್ದ ಗಂಡ, ಈಗ ಮಂಡಿನೋವೆಂದು ಮನೆಯಲ್ಲೇ ಇದ್ದರು. "ಟಾಂಗಾ ನಿಂತದ್ದೇ ಒಳ್ಳೇದಾತು. ಗುರುವಾರವೂ ಮನೇಲಿ ಬಿಸಿ ಊಟ ಮಾಡ್ತ್ರು," ಎನ್ನುತ್ತ ಅವಳು ಕೆಂಪಿಗೆ ಗಂಜಿ ಇಡುತ್ತಿದ್ದಳು.

ಶುಕ್ರವಾರ ಪ್ರವೀಣ ರಿಕ್ಷಾ ಸ್ಟ್ಯಾಂಡಿಗೆ ಹೋಗಿ ಈರನ ಕಾಲರ್ ಹಿಡಿದ. "ಎಂತ ರೋಗ ಮುಚ್ಚಿಟ್ಟು ಮಾರ್ದೆ?"

ಈರ ಮೆಲ್ಲಗೆ ಅವನ ಕೈ ಬಿಡಿಸಿಕೊಂಡ. "ರೋಗ ಕುದುರೆಗಲ್ಲ ಒಡೆಯಾ."

"ಮತ್ತೆ?"

ಈರ ಆಚೀಚೆ ನೋಡಿದ. "ಅದ್ರ ಬಾಯಿಂದ ಕಬ್ಬಿಣ ತೆಗೀರಿ. ಬರೀ ಮೂಗುಪಟ್ಟಿಗೆ ಲಗಾಮು ಕಟ್ಟಿ. ದಾರಿ ಅದ್ಕೆ ಗೊತ್ತು. ಇದಕ್ಕಿಂತ ಹೆಚ್ಚಿಗೆ ನನ್ನ ಕೇಳ್ಬೇಡಿ."

ಶನಿವಾರ ಕೊನೆಯ ಅಭ್ಯಾಸ. ಪ್ರವೀಣ ಕಡಿವಾಣ ಬಿಚ್ಚಿ ಮೂಲೆಗೆಸೆದ, ಮೂಗುಪಟ್ಟಿ ಕಟ್ಟಿದ. ಹೆಲ್ಮೆಟ್ ಹಾಕಿಕೊಂಡು ಸೊಂಟಕ್ಕೆ ಚಾವಟಿ ಸಿಕ್ಕಿಸಿದ. ಇಷ್ಟು ದಿನ ಅವನು ಕೆಂಪಿಗೆ ಒಂದು ಏಟೂ ಹಾಕಿರಲಿಲ್ಲ. ಇವತ್ತು ನಿಂತರೆ ಚರ್ಮ ಸುಲಿಯುತ್ತೇನೆ ಎಂದುಕೊಂಡ. ಹಾಗೆ ಅಂದುಕೊಳ್ಳಬೇಕಾಗಿ ಬಂದದ್ದಕ್ಕೂ ಅವನಿಗೆ ಸಿಟ್ಟು ಬಂತು.

ಓಣಿಯ ಬಾಯಲ್ಲಿ ಕೆಂಪಿ ನಿಂತಿತು.

ಪ್ರವೀಣ ಲಗಾಮು ಬಿಟ್ಟು ಚಾವಟಿಗೆ ಕೈ ಹಾಕಿದ. ಹಿಡಿತ ಸಡಿಲಾದದ್ದೇ ತಡ, ಕುದುರೆ ಎಡಕ್ಕೆ ಹೊರಳಿ ಓಣಿ ಹೊಕ್ಕಿತು. ಅವನು ಲಗಾಮು ಹಿಡಿದು ಜಗ್ಗಿದ. ಬಾಯಲ್ಲಿ ಕಬ್ಬಿಣವಿಲ್ಲದ ಕುದುರೆ ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ತೆರೆದಿದ್ದ ಬೇಲಿಬಾಗಿಲು ದಾಟಿ, ಹಂಚಿನ ಮನೆಯೊಂದರ ಅಂಗಳಕ್ಕೆ ಹೋಗಿ, ಜಗಲಿಯ ಮೆಟ್ಟಿಲ ಮುಂದೆ ನಿಂತಿತು. ತಲೆ ತಗ್ಗಿಸಿ ಕಾಯತೊಡಗಿತು.

ಅವನು ಚಾವಟಿ ಎತ್ತಿದ. ಬಾಗಿಲು ತೆರೆಯಿತು.

ನಡುವಯಸ್ಸಿನ ಹೆಂಗಸೊಬ್ಬಳು ಬೆಲ್ಲದ ಚೂರು ಹಿಡಿದು ಇಳಿದು ಬಂದಳು. ಗೊರಸಿನ ಸದ್ದು ಕೇಳಿಯೇ ಎದ್ದು ಬಂದಂತಿತ್ತು. ಮುಖ ಊದಿಸಿಕೊಂಡಿದ್ದಳು, ಬಂದವರತ್ತ ತಲೆ ಎತ್ತಿ ನೋಡಲೂ ಇಲ್ಲ. ಕೆಂಪಿ ಅವಳ ಅಂಗೈಗೆ ಬಾಯಿ ಹಾಕಿತು.

"ಗುರುವಾರ ಗುರುವಾರ ಕಾದು ಸಾಕಾತು. ಇಂದು ನೆನಪಾತಾ?" ಎಂದಳು. ಅದು ಕುದುರೆಗೆ ಹೇಳಿದ ಮಾತಾಗಿರಲಿಲ್ಲ. ಹಾಗೆಯೇ ಒಳಕ್ಕೆ ತಿರುಗಿ ಕೂಗಿದಳು, "ಧನ್ಯಾ, ಕಾಲಿಗೆ ನೀರು ತಾರೇ. ನಿನ್ನ ಅಪ್ಪ ಬಂದ್ರು."

ನೀರಿನ ತಂಬಿಗೆ ಹಿಡಿದು ಬಂದ ಹುಡುಗಿ, ಕುದುರೆಯ ಮೇಲಿದ್ದ ಅಪರಿಚಿತನನ್ನು ಕಂಡು ಹೊಸ್ತಿಲಲ್ಲೇ ನಿಂತಳು.

ಅವಳ ಹಿಂದೆ, ಗೋಡೆಯ ಮೇಲಿನ ಫೋಟೊದಲ್ಲಿ, ಚಿಕ್ಕವಳಿದ್ದ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಜೀನಿನ ಮೇಲೆ ಜೀನು ಕೊಡಿಸಿದ ರಮಾನಂದರು ನಗುತ್ತಿದ್ದರು.