ಸರ್‌ಗೆ ಗೊತ್ತಿಲ್ಲದ್ದು

ಕಬಡ್ಡಿ ಕೋಚ್ ಚೆಲುವಯ್ಯ ಸರ್ ಬಂದರೆ ಇಡೀ ಕಾಲೇಜೇ ಎದ್ದು ನಿಲ್ಲುತ್ತಿತ್ತು. ಯಾವ ಹುಡುಗಿ ಕದ್ದು ಬಜ್ಜಿ ತಿಂದು ಬಂದಿದ್ದಾಳೆಂದು ಅವಳ ಓಟ ನೋಡಿಯೇ ಹೇಳಿಬಿಡುತ್ತಿದ್ದರು. ಅವರ ಅಸಿಸ್ಟೆಂಟು ಆಟಗಾರ್ತಿಯರ ಮೈಮೇಲೆ ಕೈಹಾಕುತ್ತಿದ್ದನೆಂದು ಜೈಲು ಸೇರಿದಾಗ ಮಾತ್ರ, "ನನಗೇನೂ ಗೊತ್ತಿರಲಿಲ್ಲ" ಅಂದರು.

ವಿಚಾರಣಾ ಸಮಿತಿಯವರೆಲ್ಲ ಅವರ ಹಳೇ ಶಿಷ್ಯರೇ. ಮೊದಲು ಸರ್ ಕಾಲಿಗೆ ಬಿದ್ದರು, ಆಮೇಲೆ ಎರಡು ಪ್ರಶ್ನೆ ಕೇಳಿ "ನಿರ್ದೋಷಿ" ಎಂದು ಬರೆದು ಮುಗಿಸಿದರು. ಸರ್‌ಗೆ ಎದೆ ಹಗುರಾಯಿತು. ಕಾಫಿ ಬಂತು.

"ನಿಮ್ಮ ಮಗಳೂ ಚೆನ್ನಾಗಿ ಕಬಡ್ಡಿ ಆಡ್ತಾಳಲ್ವಾ ಸರ್? ನಮ್ಮ ಕಾಲೇಜು ಬಿಟ್ಟು ಅಷ್ಟು ದೂರ ಯಾಕೆ ಸೇರಿಸಿದ್ರಿ?" ಅಧ್ಯಕ್ಷೆ ಸುಮ್ಮನೆ ಮಾತಿಗೆ ಕೇಳಿದಳು.

ಸರ್ ಆರಾಮಾಗಿ ಕಾಫಿ ಹೀರುತ್ತ ಅಂದರು, "ಅಲ್ಲಮ್ಮಾ, ಗೊತ್ತಿದ್ದೂ ಗೊತ್ತಿದ್ದೂ ಅವನ ಕೈಗೆ ಮಗಳನ್ನ ಒಪ್ಪಿಸೋಕಾಗುತ್ತಾ?"