ಗೆದ್ದ ಕೇಸಿನ ಆರು ತಾಸು

ಸನದು ನವೀಕರಣವಾಗಬೇಕಾದರೆ ಪ್ರತಿ ವಕೀಲರೂ ವರ್ಷಕ್ಕೆ ಆರು ತಾಸು, ತಾವು ಕೋರ್ಟಿನಲ್ಲಿ ಸೋಲಿಸಿದ ಒಬ್ಬರ ನೆನಪಿನೊಳಗೆ ಕೂತು ಬರಬೇಕು. ಹುಬ್ಬಳ್ಳಿ ಕೋರ್ಟಿನಲ್ಲಿ ಆ ನೆನಪು ತೋರಿಸುವ ಕುರ್ಚಿ ನೋಡಿಕೊಳ್ಳುವ ಗುಮಾಸ್ತ ಗುರುಸಿದ್ದಪ್ಪನಿಗೆ ಎಲ್ಲರ ಕಳ್ಳಾಟವೂ ಗೊತ್ತು. ಅರ್ಧ ಜನ ಇದಕ್ಕೂ ವಾಯಿದೆ ಕೇಳುತ್ತಾರೆ. ಉಳಿದವರು ಯಾವುದೋ ವಿಮಾ ಕಂಪನಿಯ ಮ್ಯಾನೇಜರನ ನೆನಪು ಹಾಕಿಸಿಕೊಂಡು ಗೊರಕೆ ಹೊಡೆಯುತ್ತಾರೆ.

ಎಪ್ಪತ್ತು ದಾಟಿದವರಿಗೆ ವಿನಾಯಿತಿ ಇದೆ. ಆದರೂ ಎಪ್ಪತ್ತಾರರ ವಕೀಲೆ ಇಂದುಮತಿ ಕಮತಗಿ ಬೆಳಗ್ಗೆ ಹತ್ತಕ್ಕೇ ಕರಿಕೋಟು ತೊಟ್ಟು ಬಂದಿದ್ದರು.

"ನಿಮಗ ಇದು ಬೇಕಾಗಿಲ್ಲಲ್ರೀ ಅಕ್ಕಾರ," ಎಂದ ಗುರುಸಿದ್ದಪ್ಪ.

"ಟೇಲರ್ ಹುಸೇನಸಾಬರದು ಹಾಕು."

ಮೂವತ್ತು ವರ್ಷದ ಹಿಂದೆ ಮಾಲೀಕರ ಪರ ವಾದಿಸಿ ಆ ದರ್ಜಿಯ ಬಾಡಿಗೆ ಅಂಗಡಿಯನ್ನು ಖಾಲಿ ಮಾಡಿಸಿದವರು ಇಂದುಮತಿಯವರೇ.

ಸಂಜೆ ನಾಲ್ಕಕ್ಕೆ ಕಣ್ಣು ತೆರೆದವರು ನೀರನ್ನೂ ಕೇಳಲಿಲ್ಲ.

"ತೀರ್ಪು ಕೇಳಿ ಅವರು ನನಗ ಕೈ ಮುಗಿದಿದ್ರು. ಸೋತ್ರೂ ಎಂಥಾ ದೊಡ್ಡ ಮನಸು ಅಂತ ನಾ ಎಲ್ಲಾರ ಮುಂದ ಹೇಳ್ಕೋಂತ ಬಂದೀನಿ. ಹಂಗಲ್ಲೋ. ತೀರ್ಪು ಇಂಗ್ಲಿಷಿನ್ಯಾಗಿತ್ತು, ಅವರ ವಕೀಲ ಬಂದೇ ಇರಲಿಲ್ಲ. ತಾವ ಗೆದ್ದೇವಿ ಅಂತ ತಿಳಕೊಂಡಿದ್ರು."

ಗುರುಸಿದ್ದಪ್ಪ ಪ್ರಮಾಣಪತ್ರಕ್ಕೆ ಮುದ್ರೆ ಒತ್ತಿದ. ಇಪ್ಪತ್ತು ವರ್ಷದಲ್ಲಿ ಯಾವ ವಕೀಲರಿಗೂ ಎದ್ದು ನಿಂತು ಅದನ್ನು ಕೊಟ್ಟವನಲ್ಲ. ಇವತ್ತು ಎದ್ದು ನಿಂತು ಎರಡೂ ಕೈಯಲ್ಲಿ ನೀಡಿದ. ಇಂದುಮತಿ ಅದನ್ನು ಮುಟ್ಟಲಿಲ್ಲ.

"ಅದು ಇರಲಿ. ನಾಳೆ ಹತ್ತಕ್ಕ ಬರ್ತೀನಿ, ಮುಂದಿನವರದು ತಗದಿಡು. ನಾ ಗೆದ್ದ ಕೇಸು ಇನ್ನೂ ಭಾಳ ಅದಾವ."